ಬೆಂಕಿಗೆ ಪ್ರದಕ್ಷಿಣೆ ಹಾಕುವ ಮಂಟೇಸ್ವಾಮಿ

ಬೆಂಕಿ ಬಿದ್ದ ಮನೆಯ ಕಡೆಗೆ ಓಡದೆ ನಡೆದುಕೊಂಡು ಹೋಗುವ ಅಗ್ನಿಶಾಮಕ ಅಧಿಕಾರಿಯನ್ನು ನೀವು ನೋಡಿರಲಾರಿರಿ. ನಾನು ಹದಿನೇಳು ವರ್ಷ ನೋಡಿದ್ದೇನೆ, ನೋಡಿದಾಗಲೆಲ್ಲ ನನ್ನ ಮೈ ಉರಿದಿದೆ. ಗಂಟೆ ಬಾರಿಸುತ್ತ ಬಂದ ಕೆಂಪು ವಾಹನ ನಿಂತ ಕೂಡಲೇ ಫೈರ್‌ಮನ್‌ಗಳೆಲ್ಲ ಧುಮುಕಿ ಪೈಪು ಬಿಚ್ಚತೊಡಗಿ, ಊರಿನ ಜನ 'ಬನ್ನಿ ಬನ್ನಿ, ಈ ಕಡೆ' ಎಂದು ಕೂಗುತ್ತ ಸಿಕ್ಕವರ ಕೈ ಹಿಡಿದು ಎಳೆಯುತ್ತಿರುವಾಗ, ಮುಂದಿನ ಸೀಟಿನಿಂದ ನಿಧಾನವಾಗಿ ಇಳಿದು, ಟೋಪಿಯನ್ನು ಸರಿಮಾಡಿಕೊಂಡು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಎಡಗಾಲನ್ನು ತುಸು ಹೊರಕ್ಕೆ ಹಾಕುವ ಅವನದೇ ಆದ ನಡಿಗೆಯಲ್ಲಿ, ಉರಿಯುವ ಮನೆಯ ಸುತ್ತ ಒಂದು ಸುತ್ತು ಪೂರ್ತಿ ಬಂದು, ಆಮೇಲಷ್ಟೇ ಬಾಯಿ ಬಿಡುತ್ತಿದ್ದ ಆಸಾಮಿ ನಮ್ಮ ಮಂಟೇಸ್ವಾಮಿ. ಜನ ಅವನಿಗೆ 'ಪ್ರದಕ್ಷಿಣೆ ಸಾಮಿ' ಎಂದು ಹೆಸರಿಟ್ಟಿದ್ದರು. ಆ ಹೆಸರನ್ನು ಮೊದಲು ಹುಟ್ಟಿಸಿದವನು ನಾನೇ ಎಂಬುದನ್ನು ಇಲ್ಲಿಯೇ ಒಪ್ಪಿಕೊಂಡುಬಿಡುತ್ತೇನೆ.

ನನ್ನ ಹೆಸರು ಕುಮಾರಸ್ವಾಮಿ. ಅವನು ಗುಂಡ್ಲುಪೇಟೆಯ ಠಾಣೆಯಲ್ಲಿ ಅಧಿಕಾರಿಯಾಗಿದ್ದಾಗ ನಾನು ಚಾಮರಾಜನಗರದ ಠಾಣೆಯಲ್ಲಿ ಅದೇ ಹುದ್ದೆಯಲ್ಲಿದ್ದೆ. ಒಂದೇ ದಿನ ಕೆಲಸಕ್ಕೆ ಸೇರಿದವರು ನಾವು. ಆದರೆ ಆಯ್ಕೆಪಟ್ಟಿಯಲ್ಲಿ ನನ್ನ ಹೆಸರು ಅವನ ಹೆಸರಿಗಿಂತ ಮೇಲಿತ್ತು, ನಾಲ್ಕು ಅಂಕಗಳಷ್ಟು ಮೇಲೆ. ಈ ನಾಲ್ಕು ಅಂಕಗಳ ವಿಷಯವನ್ನು ಇಷ್ಟು ವರ್ಷಗಳ ಮೇಲೂ ಎತ್ತಲು ನಾಚಿಕೆಯಾಗಬೇಕು, ಆಗುವುದಿಲ್ಲ. ಹೊಟ್ಟೆಕಿಚ್ಚಿನವನು ಬರೆದ ಚಿತ್ರವನ್ನು ನಂಬುವುದು ಹೇಗೆಂದು ನೀವು ಕೇಳಬಹುದು. ನಂಬಿ. ಹೊಟ್ಟೆಕಿಚ್ಚಿನವನಷ್ಟು ಗಮನವಿಟ್ಟು ಇನ್ನೊಬ್ಬನನ್ನು ಸ್ನೇಹಿತನೂ ನೋಡುವುದಿಲ್ಲ, ಕಟ್ಟಿಕೊಂಡವಳೂ ನೋಡುವುದಿಲ್ಲ. ಅವನು ಚಹಾವನ್ನು ಎಷ್ಟು ಗುಟುಕಿನಲ್ಲಿ ಕುಡಿಯುತ್ತಿದ್ದ ಎಂಬುದು ಕೂಡ ನನಗೆ ಗೊತ್ತು.

ಉಮ್ಮತ್ತೂರಿನವನು. ಕುಳ್ಳು, ಕಪ್ಪು, ಟೋಪಿ ತೆಗೆದರೆ ಎದ್ದು ಕಾಣುವ ಅಗಲವಾದ ಕಿವಿಗಳು. ಧ್ವನಿ ಎಷ್ಟು ಕೆಳಗಿನದೆಂದರೆ, ಆಜ್ಞೆ ಕೊಡುವಾಗಲೂ ಪಕ್ಕದ ಮನೆಯವರಿಂದ ಹೆಪ್ಪಿಗೆ ಮಜ್ಜಿಗೆ ಕೇಳಿದ ಹಾಗಿರುತ್ತಿತ್ತು. ಗುಂಡ್ಲುಪೇಟೆಯ ಚಳಿಗೆಂದು ಸಂತೆಯಲ್ಲಿ ಕೊಂಡ ಒಂದು ಕಂದು ಉಣ್ಣೆಯ ಕೋಟಿತ್ತು. ತೋಳು ಬೆರಳ ತುದಿಯವರೆಗೆ ಇಳಿಬೀಳುತ್ತಿತ್ತು, ಗುಂಡಿಗಳಲ್ಲಿ ಎರಡು ಮಾತ್ರ ಅದರ ಸ್ವಂತದವು. ಬೇಸಗೆಯೊಂದನ್ನು ಬಿಟ್ಟು ಉಳಿದೆಲ್ಲ ಕಾಲದಲ್ಲಿ ಖಾಕಿಯ ಮೇಲೆ ಅದನ್ನು ಹೇರಿಕೊಂಡೇ ಇರುತ್ತಿದ್ದ. ಅದರ ಬಲಜೇಬು ಸದಾ ಬಿಳಿಚಿಕೊಂಡಿರುತ್ತಿತ್ತು, ಏಕೆಂದರೆ ಅದರಲ್ಲಿ ಸೀಮೆಸುಣ್ಣದ ತುಂಡುಗಳಿದ್ದವು. ಅವನ ಹೆಂಡತಿ ಪ್ರಾಥಮಿಕ ಶಾಲೆಯ ಮೇಡಮ್ಮು. ಆಕೆ ಮಕ್ಕಳಿಗೆ ಬರೆದು ಉಳಿದ ಚೂರುಗಳೆಲ್ಲ ಈ ಮಹಾಶಯನ ಜೇಬಿಗೆ ಬರುತ್ತಿದ್ದವು. ಪ್ರದಕ್ಷಿಣೆ ಮುಗಿಸಿ ಬಂದವನು ಒಂದು ಚೂರನ್ನು ಹೆಕ್ಕಿ ತೆಗೆದು, ಫೈರ್ ಇಂಜಿನ್ನಿನ ಕೆಂಪು ಬಾಗಿಲಿನ ಮೇಲೆ ಮೂರು ಸಾಲು ಬರೆಯುತ್ತಿದ್ದ. ಮೊದಲ ಸಾಲಿಗೆ 'ಗೊತ್ತು', ಎರಡನೆಯದಕ್ಕೆ 'ಗೊತ್ತಿಲ್ಲ', ಮೂರನೆಯದಕ್ಕೆ 'ಆಗಬೇಕಾದ್ದು'. ಅದಾದ ಮೇಲೆ ಒಳಗೆ ನುಗ್ಗಲು ತುದಿಗಾಲಲ್ಲಿ ನಿಂತ ಫೈರ್‌ಮನ್ ಕಡೆಗೆ ತಿರುಗಿ ಒಂದೇ ಒಂದು ಪ್ರಶ್ನೆ: "ಒಳಕ್ಕೋದೋನು ಏನ್ ತಂದಾನ್ಲಾ?" ತರುವುದು ಮನುಷ್ಯನನ್ನಾದರೆ ಹೋಗಬಹುದು, ಟ್ರಂಕನ್ನಾದರೆ ಹೋಗಕೂಡದು, ಇಷ್ಟು ಅವನ ಶಾಸ್ತ್ರ.

ಈ ಶಾಸ್ತ್ರವೇನೂ ಅವನ ಸ್ವಂತ ಸೃಷ್ಟಿಯಲ್ಲ. ಎರಡು ಸಾವಿರದ ಒಂದನೆಯ ಇಸವಿಯಲ್ಲಿ ಬೆಂಗಳೂರಿನಲ್ಲಿ ನಮಗೆ ಹದಿನೈದು ದಿನಗಳ ತರಬೇತಿ ನಡೆಯಿತು. ನಿವೃತ್ತ ಅಧಿಕಾರಿಯೊಬ್ಬರು ಹಲಗೆಯ ಮೇಲೆ ದೊಡ್ಡ ಚಕ್ರವೊಂದನ್ನು ಬರೆದು, ಅವಘಡದ ಸ್ಥಳದಲ್ಲಿ ನಾಯಕನಾದವನು ಹೇಗೆ ತೀರ್ಮಾನಕ್ಕೆ ಬರಬೇಕು ಎಂಬುದನ್ನು ಪಾಠ ಮಾಡಿದರು: ಪರಿಸ್ಥಿತಿಯನ್ನು ಅರಿ, ಗುರಿಯನ್ನು ನಿಶ್ಚಯಿಸು, ಯೋಜನೆ ಹೂಡು, ನಡೆಸು, ಮತ್ತೆ ಅರಿ, ಪ್ರತಿ ಹೆಜ್ಜೆಯಲ್ಲೂ ಎದುರಾಗುವ ಅಪಾಯಕ್ಕೆ ದೊರೆಯುವ ಫಲ ಸಮವೇ ಎಂದು ತೂಗಿ ನೋಡು. ನಾನು ಅದನ್ನು ಸಂಧ್ಯಾವಂದನೆಯ ಮಂತ್ರದಂತೆ ಬಾಯಿಪಾಠ ಮಾಡಿ, ಕೊನೆಯ ದಿನದ ಪರೀಕ್ಷೆಯಲ್ಲಿ ಮೊದಲನೆಯವನಾಗಿ, ಚಪ್ಪಾಳೆ ಹೊಡೆಸಿಕೊಂಡು ಬಂದೆ. ಮಂಟೇಸ್ವಾಮಿ ಹನ್ನೊಂದನೆಯವನು. ಬಸ್ಸಿನಲ್ಲಿ ಹಿಂದಿರುಗುವಾಗ ಕಿಟಕಿಗೆ ತಲೆ ಆನಿಸಿಕೊಂಡು ಅವನು ಕೇಳಿದ: "ಅಲ್ಲ ಕಣ್ಲಾ ಕುಮಾರ, ಆ ಚಕ್ರವ ಬೆಂಕಿ ಮುಂದೆ ನಿಂತ್ಕಂಡು ತಿರುಗ್ಸಾಕೆ ಆದದ?" ಪರೀಕ್ಷೆಯಲ್ಲಿ ತಿರುಗಿಸಿದರೆ ಸಾಕು ಬಿಡೋ ಎಂದೆ. ಅವನು ನಗಲಿಲ್ಲ. ಮುಂದಿನ ವಾರದಿಂದಲೇ ಅವನ ಜೇಬಿಗೆ ಸೀಮೆಸುಣ್ಣ ಬಂತು.

ನೋಡಿ, ಇಲ್ಲಿಯೇ ನನ್ನ ಉರಿಯ ಬೇರು. ವಿದ್ಯೆ ನನ್ನದು, ಅಂಕ ನನ್ನವು, ಚಪ್ಪಾಳೆ ನನ್ನದು. ಆದರೆ ಆ ವಿದ್ಯೆ ಯಾವ ಕೃತಘ್ನತೆಯಿಂದಲೋ ನನ್ನ ನಾಲಗೆಯ ಮೇಲೆ ಕುಳಿತು ಅವನ ಕಾಲಿಗಿಳಿಯಿತು. ನಾನು ಗಂಟೆ ಕೇಳಿದರೆ ಸಾಕು, ಲಾಯದ ಕುದುರೆಯಾಗುತ್ತಿದ್ದೆ. ಮೊದಲು ಇಳಿಯುವವನು ನಾನು, ಮೊದಲು ಬಾಗಿಲು ಒದೆಯುವವನು ನಾನು. ಸೂರಿನ ಮೇಲೆ ನಿಂತ ನನ್ನ ಚಿತ್ರ ಎರಡು ಸಲ ಪತ್ರಿಕೆಯಲ್ಲಿ ಬಂದಿದೆ. ಚಾಮರಾಜನಗರದಲ್ಲಿ ಅರಿಸಿನದ ಮಂಡಿಯೊಂದಕ್ಕೆ ಬೆಂಕಿ ಬಿದ್ದಾಗ ನಾನು ಒದ್ದು ತೆರೆದ ಬಾಗಿಲಿನಿಂದ ಒಳಕ್ಕೆ ಗಾಳಿ ನುಗ್ಗಿ, ಅಲ್ಲಿಯವರೆಗೆ ಮೂಲೆಯಲ್ಲಿ ಹೊಗೆಯಾಡುತ್ತಿದ್ದುದು ಧಗ್ಗೆಂದು ಎದ್ದು ಸೂರನ್ನೇ ನುಂಗಿತು ಎಂಬ ವಿಷಯ ಮಾತ್ರ ಪತ್ರಿಕೆಗೆ ಗೊತ್ತಾಗಲಿಲ್ಲ. ನನ್ನ ಡ್ರೈವರ್ ಮಹಬೂಬನಿಗೆ ಗೊತ್ತಾಯಿತು.

ಈ ಮಹಬೂಬನಿಲ್ಲದಿದ್ದರೆ ನನ್ನ ರೋಗ ಇಷ್ಟು ಬಲಿಯುತ್ತಿರಲಿಲ್ಲವೇನೋ. ಎರಡು ವರ್ಷ ಗುಂಡ್ಲುಪೇಟೆಯಲ್ಲಿ ಮಂಟೇಸ್ವಾಮಿಯ ಗಾಡಿ ಓಡಿಸಿ ನನ್ನ ಠಾಣೆಗೆ ವರ್ಗವಾಗಿ ಬಂದವನು. ಸಜ್ಜನ, ಒಳ್ಳೆಯ ಕೆಲಸಗಾರ, ಸುಳ್ಳು ಹೇಳಲು ಬಾರದವನು. ಅರಿಸಿನದ ಮಂಡಿಯಿಂದ ಮರಳುವಾಗ ಸ್ಟಿಯರಿಂಗ್ ಮೇಲೆ ಕಣ್ಣಿಟ್ಟುಕೊಂಡೇ ಅಂದ: "ಮಂಟೇಸಾಮಿ ಸಾರ್ ಆಗಿದ್ರೆ ಮೊದ್ಲು ಬಾಗಿಲ್ ಮುಟ್ಟಿ ನೋಡೋರು ಸಾರ್. ಕಾದಿದ್ರೆ ತೆಗೀತಿರ್ಲಿಲ್ಲ." ಅಂದಿನಿಂದ ಅವನ ಬಾಯಲ್ಲಿ 'ಮಂಟೇಸಾಮಿ ಸಾರ್ ಆಗಿದ್ರೆ' ಎಂಬುದು ದಿನದ ಮಾತಾಯಿತು. ಬಾವಿಗೆ ಬಿದ್ದ ಎಮ್ಮೆ ಎತ್ತುವಾಗಲೂ ಅದೇ, ಗಾಡಿಯ ಚಕ್ರ ಹೂತಾಗಲೂ ಅದೇ. ನನ್ನ ಹೆಂಡತಿಯೋ, ಮಗಳನ್ನು ಯಾವ ಕಾಲೇಜಿಗೆ ಸೇರಿಸುವುದೆಂದು ನಾವಿಬ್ಬರೂ ಕಿತ್ತಾಡುತ್ತಿದ್ದಾಗ, "ಮಂಟೇಸ್ವಾಮಣ್ಣನ್ನ ಒಂದ್ ಮಾತು ಕೇಳಿ, ಅವ್ರು ಆತುರ ಬೀಳಲ್ಲ" ಎಂದಳು. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆಯನ್ನು ಅವಳು ನುಂಗಿಕೊಂಡದ್ದು ನನಗೆ ತಿಳಿಯಿತು. ಆ ರಾತ್ರಿ ಊಟ ಮಾಡಲಿಲ್ಲ.

ಒಂದೇ ಒಂದು ಸಲ ನನಗೆ ಪರಮಾನಂದವಾಗಿತ್ತು. ನಾನು ರಜೆಯಲ್ಲಿದ್ದಾಗ ಒಂದು ವಾರ ಚಾಮರಾಜನಗರದ ಉಸ್ತುವಾರಿಯೂ ಅವನದಾಗಿತ್ತು. ಸತ್ಯಮಂಗಲದ ರಸ್ತೆಯಲ್ಲಿ, ಪುಣಜನೂರಿನ ಹತ್ತಿರ, ನೀಲಿ ಡ್ರಮ್ಮುಗಳನ್ನು ಹೇರಿದ್ದ ಲಾರಿಯೊಂದು ಮಗುಚಿಕೊಂಡಿತು. ಡ್ರಮ್ಮಿನಿಂದ ಏನೋ ಸೋರುತ್ತಿತ್ತು. ಡ್ರೈವರನಿಗೆ ಪ್ರಜ್ಞೆ ಇತ್ತಾದರೂ ಅವನಾಡುವ ಮಲಯಾಳ ಅಲ್ಲಿ ಯಾರಿಗೂ ತಿಳಿಯದು. ಮಂಟೇಸ್ವಾಮಿ ಡ್ರೈವರನನ್ನು ದೂರಕ್ಕೆ ಸಾಗಿಸಿ, ಎರಡೂ ಕಡೆ ರಸ್ತೆ ಕಟ್ಟಿ, ಗಾಳಿ ಬೀಸುವ ದಿಕ್ಕನ್ನು ನೋಡಿ, ಬಾಗಿಲ ಮೇಲೆ 'ಗೊತ್ತಿಲ್ಲ' ಎಂದು ಬರೆದು ನಿಂತ. ನಲವತ್ತು ನಿಮಿಷ ಬಸ್ಸುಗಳು ನಿಂತವು, ಮದುವೆಯ ದಿಬ್ಬಣವೊಂದು ನಿಂತಿತು, ಬೈಗುಳದ ಮಳೆ ಸುರಿಯಿತು. ಕೊನೆಗೆ ಮಲಯಾಳ ಬಲ್ಲ ಒಬ್ಬ ಬಾಳೆಕಾಯಿ ವ್ಯಾಪಾರಿ ಸಿಕ್ಕಿ ಕೇಳಿದರೆ, ಡ್ರಮ್ಮುಗಳಲ್ಲಿ ಇದ್ದದ್ದು ಕೊಬ್ಬರಿ ಎಣ್ಣೆ! ದಿಬ್ಬಣದವರು ಸಿಳ್ಳೆ ಹೊಡೆದರಂತೆ. ಇವನು ಮಾತ್ರ ಸೀಮೆಸುಣ್ಣದ ಬರಹವನ್ನು ಕೋಟಿನ ತೋಳಿನಿಂದ ಒರೆಸುತ್ತ, "ಎಣ್ಣೆ ಅಂತ ಗೊತ್ತಾಯ್ತಲ್ಲ, ಈಗ ಹೋಗನ" ಎಂದು ಮರಳು ಚೆಲ್ಲಿಸಲು ಹೋದನಂತೆ. ಈ ಕಥೆಯನ್ನು ನಾನು ಕನಿಷ್ಠ ನೂರು ಜನಕ್ಕೆ ಹೇಳಿದ್ದೇನೆ. ಪ್ರತಿ ಸಲವೂ ಹಿಂದಿನಿಂದ ಮಹಬೂಬ್ ಮೆಲ್ಲಗೆ, "ಅದೇ ಆಸಿಡ್ ಆಗಿದ್ರೆ ಸಾರ್?" ಎನ್ನುತ್ತಿದ್ದ. ಅವನನ್ನು ವರ್ಗ ಮಾಡಿಸಬೇಕೆಂದು ಎರಡು ಸಲ ಅರ್ಜಿ ಬರೆದು ಹರಿದು ಹಾಕಿದೆ.

ಇನ್ನು ಆ ದಿನದ ಸಂಗತಿಗೆ ಬರಲೇಬೇಕು. ಅದನ್ನು ದೂರ ತಳ್ಳುವುದಕ್ಕಾಗಿಯೇ ಕೋಟು, ಕೊಬ್ಬರಿ ಎಣ್ಣೆ ಎಂದೆಲ್ಲ ಸುತ್ತು ಹಾಕಿದೆ.

ಎರಡು ಸಾವಿರದ ಆರು, ಸೆಪ್ಟೆಂಬರ್. ಗುಂಡ್ಲುಪೇಟೆಯ ಸುತ್ತ ಹೊಲಗಳೆಲ್ಲ ಚೆಂಡು ಹೂವಿನಿಂದ ಹಳದಿಯಾಗಿರುವ ಕಾಲ. ತಾಲ್ಲೂಕು ಕಚೇರಿಯ ಸಭೆಗೆಂದು ಮಹಬೂಬನ ಜೊತೆ ಜೀಪಿನಲ್ಲಿ ಹೋಗಿದ್ದ ನಾನು, ಮಧ್ಯಾಹ್ನ ಮಂಟೇಸ್ವಾಮಿಯ ಠಾಣೆಯಲ್ಲಿ ಚಹಾ ಕುಡಿಯುತ್ತ ಕುಳಿತಿದ್ದೆ. ಫೋನು ಬಂತು: ಊರಾಚೆಯ ಹೂವಿನ ಫ್ಯಾಕ್ಟರಿಯಲ್ಲಿ ಇಬ್ಬರು ಗುಂಡಿಗೆ ಬಿದ್ದಿದ್ದಾರೆ. ಅದು ಯಾರೋ ನಾಲ್ಕು ಜನ ಸೇರಿ ನಡೆಸುತ್ತಿದ್ದ ಸಣ್ಣ ಕಾರ್ಖಾನೆ. ಚೆಂಡು ಹೂವಿನ ಬಣ್ಣ ತೆಗೆಯುವ ಮೊದಲು ಅದನ್ನು ಆಳವಾದ ಸಿಮೆಂಟಿನ ಗುಂಡಿಗಳಿಗೆ ತುಂಬಿ, ಟಾರ್ಪಾಲು ಹೊದಿಸಿ ಹುಳಿಬರಿಸುತ್ತಾರೆ. ಬಹುಪಾಲು ಖಾಲಿಯಾಗಿದ್ದ ಹದಿನೈದು ಅಡಿಯ ಗುಂಡಿಯೊಂದಕ್ಕೆ, ಕಟ್ಟಿಕೊಂಡಿದ್ದ ರಸದ ತೂಬನ್ನು ಬಿಡಿಸಲು ಚಿಕ್ಕಮಾದು ಎಂಬ ಕೂಲಿಯಾಳು ಇಳಿದಿದ್ದ, ಇಳಿದವನು ಕುಸಿದ. ಅವನನ್ನೆತ್ತಲು ಜೊತೆಗಾರ ಹುಚ್ಚಯ್ಯ ಇಳಿದ; ಏಣಿಯ ಬುಡದಲ್ಲಿ ಅವನೂ ಕುಸಿದ. ಹುಳಿತ ಹೂವಿನಿಂದ ಏಳುವ ವಾಯು ಗಾಳಿಗಿಂತ ಭಾರ. ಅದಕ್ಕೆ ಬಣ್ಣವಿಲ್ಲ, ಹೊಗೆಯಿಲ್ಲ, ಬಾವಿಯಲ್ಲಿ ನೀರು ನಿಂತ ಹಾಗೆ ತಳದಲ್ಲಿ ನಿಂತಿರುತ್ತದೆ.

ಆರು ನಿಮಿಷದಲ್ಲಿ ನಾವು ಅಲ್ಲಿದ್ದೆವು. ಗುಂಡಿಯ ದಡದಲ್ಲಿ ನೂರು ಜನ. ಚಿಕ್ಕಮಾದುವಿನ ಹೆಂಡತಿ ಸೋಮಮ್ಮ, ಹೂವಿನ ಬುಟ್ಟಿಯನ್ನು ಇನ್ನೂ ಸೊಂಟದಲ್ಲಿಯೇ ಇಟ್ಟುಕೊಂಡು, ಗುಂಡಿಯೊಳಕ್ಕೆ ಬಗ್ಗಿ ಗಂಡನ ಹೆಸರು ಹಿಡಿದು ಕೂಗುತ್ತಿದ್ದಳು. ಗಂಡನ ಹೆಸರು ಹೇಳದ ಹೆಂಗಸರ ಊರು ಅದು. ಮಂಟೇಸ್ವಾಮಿ ಇಳಿದ, ಟೋಪಿ ಸರಿಮಾಡಿಕೊಂಡ, ಕೈ ಹಿಂದೆ ಕಟ್ಟಿಕೊಂಡ, ನಡೆದ. ಸೋಮಮ್ಮ ಓಡಿ ಬಂದು ಅವನ ಕೋಟು ಹಿಡಿದಳು: "ಓಗಪ್ಪ, ಇಳಿಯಪ್ಪ! ಇದೇನ್ ತಿರುಗಾಡ್ತಾ ಇದ್ದಿಯೆ!" ಅವನು ಅವಳ ಕೈಯನ್ನು ಮೆತ್ತಗೆ ಬಿಡಿಸಿ, "ತಡಿಯವ್ವಾ, ಬತ್ತೀನಿ" ಎಂದು ಗುಂಡಿಯ ಹಿಂಬದಿಗೆ ಹೋದ. ಅಲ್ಲಿ ನೆಲ ಇಳಿಜಾರು. ಗುಂಡಿಯ ಗೋಡೆ ಬುಡದವರೆಗೆ ಹೊರಗಿನಿಂದ ಕಾಣುತ್ತಿತ್ತು. ನಾಲ್ವರ ಕೈಗೆ ಹಾರೆ ಕೊಟ್ಟು ತೂಬಿನ ಪಕ್ಕ ಒಡೆಯಲು ಹಚ್ಚಿದ. ಗೋಡೆ ಒಡೆದರೆ ಭಾರದ ವಾಯು ತಾನಾಗಿ ಹರಿದುಹೋಗುತ್ತದೆ. ಅವನ ಹಿರಿಯ ಫೈರ್‌ಮನ್ ಶಿವಮಲ್ಲು ಬೆನ್ನಿಗೆ ಉಸಿರಾಟದ ಸಿಲಿಂಡರ್ ಬಿಗಿಯತೊಡಗಿದ. ಇದ್ದದ್ದು ಅದೊಂದೇ, ಇನ್ನೊಂದು ತುಂಬಿಸಲು ಮೈಸೂರಿಗೆ ಹೋಗಿತ್ತು. ಇದ್ದ ಒಂದೂ ಬೆಳಿಗ್ಗೆ ಬಾವಿಯೊಂದರಲ್ಲಿ ಅರ್ಧ ಖರ್ಚಾಗಿತ್ತು. ಮಂಟೇಸ್ವಾಮಿ ಬಾಗಿಲ ಮೇಲೆ ಬರೆದ. ಗೊತ್ತು: ಇಬ್ಬರು, ಒಬ್ಬ ಏಣಿಯ ಬುಡ, ಒಬ್ಬ ಮೂಲೆ, ಸಿಲಿಂಡರಿನಲ್ಲಿ ಗಾಳಿ ಹತ್ತು ನಿಮಿಷ. ಗೊತ್ತಿಲ್ಲ: ಉಸಿರು ಇದೆಯೋ ಇಲ್ಲವೋ. ಆಗಬೇಕಾದ್ದು: ಮೊದಲು ಏಣಿಯವನು, ಆಮೇಲೆ ಮೂಲೆಯವನು, ಗೋಡೆ.

ನಾನು ಅದನ್ನು ಓದಿದೆ. ಸರಿ ಎನಿಸಿತು. ಸರಿ ಎನಿಸಿದ್ದೇ ನನ್ನ ಕೋಪಕ್ಕೆ ಕಾರಣವಾಯಿತು. ನಾನು ಬಾಯಿಪಾಠ ಮಾಡಿದ ಚಕ್ರ ಅಲ್ಲಿ ಆ ಕೆಂಪು ಬಾಗಿಲ ಮೇಲೆ, ಮೂರೇ ಸಾಲಿನಲ್ಲಿ, ಹನ್ನೊಂದನೆಯ ಸ್ಥಾನದವನ ಕೋಳಿಕಾಲಿನ ಅಕ್ಷರದಲ್ಲಿ ತಿರುಗುತ್ತಿತ್ತು. ಅಷ್ಟರಲ್ಲಿ ಗುಂಪಿನಿಂದ ಯಾರೋ ಕೂಗಿದರು: "ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡ್ತಾವ್ರೆ ನೋಡ್ರಪ್ಪ! ಜೀವ ಓಯ್ತಾ ಅದೆ, ಇವ್ರು ಬರ್ಕಂಡು ನಿಂತವ್ರೆ!" ಮಣ್ಣುಹೆಂಟೆಯೊಂದು ಬಂದು ಮಂಟೇಸ್ವಾಮಿಯ ಬೆನ್ನಿಗೆ ಬಡಿಯಿತು. ನನ್ನ ಎದೆಯಲ್ಲಿ ಎದ್ದದ್ದು ಕರುಣೆ ಎಂದು ನಾನು ಎಷ್ಟೋ ಕಾಲ ನಂಬಿಕೊಂಡಿದ್ದೆ. ಕರುಣೆಯಲ್ಲ. ಈ ನೂರು ಜನರ ಮುಂದೆ ಇವತ್ತು ನಾನು ಗೆಲ್ಲಬಹುದು ಎಂಬ ಸಂತೋಷ ಅದು.

"ಸೀನಿಯರ್ ನಾನು ಕಣ್ಲಾ. ಇದ ನಾನ್ ತಗೋತೀನಿ" ಎಂದೆ. ಸ್ಥಳದಲ್ಲಿರುವ ಹಿರಿಯನೇ ನಾಯಕ ಎಂಬುದು ನಮ್ಮಲ್ಲಿ ನಡೆದುಬಂದದ್ದು, ಕೇಳಿದರೆ ಇಲ್ಲವೆನ್ನುವಂತಿಲ್ಲ.

"ತಗೋ" ಎಂದ ಅವನು, ಕಿಂಚಿತ್ತೂ ಮುಖ ಗಂಟಿಕ್ಕದೆ. "ಸಿವಮಲ್ಲು ಸೆಟ್ ಕಟ್ಕತಾವ್ನೆ, ಎರಡ್ ನಿಮಿಷ ತಡಿ. ಗೋಡೆ ಇನ್ನೊಂದ್ ಗಳಿಗೇಲಿ ಒಡ್ದದು."

"ಎರಡ್ ನಿಮಿಷದಲ್ಲಿ ಜೀವ ಹೋಗ್ತದೆ ಕಣೋ!" ಎಂದು ಎಲ್ಲರಿಗೂ ಕೇಳುವಂತೆ ಕೂಗಿ, ಟವಲನ್ನು ನೀರಿನಲ್ಲಿ ಅದ್ದಿ ಮೂಗುಬಾಯಿಗೆ ಬಿಗಿದು, ನಾನು ಏಣಿಯ ಮೇಲೆ ಕಾಲಿಟ್ಟೆ. ಹೊಗೆಯಲ್ಲಿ ದುಡಿದವರೆಲ್ಲ ಮಾಡುವ ತಪ್ಪು ಅದು: ಒದ್ದೆ ಬಟ್ಟೆ ನಮ್ಮನ್ನು ಹತ್ತಾರು ಸಲ ಕಾಪಾಡಿರುತ್ತದೆ, ಹಾಗಾಗಿ ಅದು ಎಲ್ಲಿಯೂ ಕಾಪಾಡುತ್ತದೆಂದು ಕೈ ನಂಬಿಬಿಡುತ್ತದೆ. ಹಿಂದಿನಿಂದ ಮಂಟೇಸ್ವಾಮಿ ಕಿರುಚಿದ, "ಲೋ, ಅದು ಹೊಗೆಯಲ್ಲ ಕಣ್ಲಾ! ಟವಲ್ಲು ತಡಿಯಲ್ಲ! ಹಗ್ಗನಾರ ಕಟ್ಕಳ್ಳೋ!" ಅವನ ಧ್ವನಿ ಏರಿದ್ದನ್ನು ನಾನು ಕೇಳಿದ್ದು ಜೀವಮಾನದಲ್ಲಿ ಅದೊಂದೇ ಸಲ. ಜನ ಚಪ್ಪಾಳೆ ಹೊಡೆಯುತ್ತಿದ್ದರು.

ಹುಚ್ಚಯ್ಯನನ್ನು ಹೆಗಲಿಗೇರಿಸಿದ್ದು ನೆನಪಿದೆ. ಮೇಲಿನಿಂದ ಕೈಗಳು ಅವನನ್ನು ಎಳೆದುಕೊಂಡದ್ದೂ ನೆನಪಿದೆ. ಆ ಕ್ಷಣದಲ್ಲಿ ಪತ್ರಿಕೆಯವನೊಬ್ಬ ಕ್ಯಾಮೆರಾ ಹಿಡಿದು ಬಗ್ಗಿದ್ದ, ಅದೂ ನೆನಪಿದೆ. ಆಮೇಲೆ ಮೊಣಕಾಲುಗಳು ನನ್ನವಲ್ಲದಾದವು.

ಮುಂದಿನದನ್ನು ನನಗೆ ಹೇಳಿದವನು ಮಹಬೂಬ್, ಮೈಸೂರಿನ ಆಸ್ಪತ್ರೆಯಲ್ಲಿ, ಎರಡು ದಿನಗಳ ಮೇಲೆ. ಹೇಳಲು ಅವನಿಗೆ ಮನಸ್ಸಿರಲಿಲ್ಲ, ನಾನು ಪೀಡಿಸಿದೆ. ಶಿವಮಲ್ಲು ಸಿಲಿಂಡರ್ ಕಟ್ಟಿಕೊಂಡು ಇಳಿದಾಗ ಏಣಿಯ ಬುಡದಲ್ಲಿ ಬಿದ್ದಿದ್ದವನು ನಾನು. ತೊಂಬತ್ತು ಕಿಲೋ ತೂಕದ ನನ್ನನ್ನು ಹಗ್ಗಕ್ಕೆ ಬಿಗಿದು, ಜಾರುವ ಹೂವಿನ ಕೆಸರಿನಿಂದ ಎತ್ತಿ ಮೇಲೆ ತಲುಪಿಸುವಷ್ಟರಲ್ಲಿ ಗಾಳಿ ಮುಗಿಯುತ್ತ ಬಂದ ಎಚ್ಚರಿಕೆಯ ಸೀಟಿ ಊದತೊಡಗಿತು. ಮೂಲೆಯಲ್ಲಿದ್ದ ಚಿಕ್ಕಮಾದುವಿನ ಕಡೆಗೆ ಹೋಗಲು ಅವನಿಗಾಗಲಿಲ್ಲ. ಗೋಡೆ ಒಡೆಯಲು ಮತ್ತೆ ಎಂಟು ನಿಮಿಷ ಹಿಡಿಯಿತು. ವಾಯು ಹರಿದುಹೋದ ಮೇಲೆ ಮಂಟೇಸ್ವಾಮಿ ಹಚ್ಚಿದ ಲಾಟೀನೊಂದನ್ನು ಇಳಿಬಿಟ್ಟು, ಅದು ಆರದಿರುವುದನ್ನು ನೋಡಿ, ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು ತಾನೇ ಇಳಿದು ಚಿಕ್ಕಮಾದುವನ್ನು ಹೊತ್ತು ತಂದ. ಅದರ ಚಿತ್ರ ಯಾರೂ ತೆಗೆಯಲಿಲ್ಲ, ಪತ್ರಿಕೆಯವನು ನನ್ನ ಹಿಂದೆಯೇ ಹೊರಟುಬಿಟ್ಟಿದ್ದ. ಚಿಕ್ಕಮಾದುವಿನ ಮೂಗಿನಲ್ಲಿ ನೂಲಿನಷ್ಟು ಉಸಿರಿತ್ತಂತೆ. ಮೈಸೂರಿಗೆ ಸಾಗಿಸುವ ದಾರಿಯಲ್ಲಿ, ನಂಜನಗೂಡು ದಾಟುವ ಮೊದಲು ಅದು ನಿಂತಿತು.

"ಇಬ್ರಿಗೆ ಅಂತ ಇಟ್ಟಿದ್ ಗಾಳಿ ಸಾರ್" ಎಂದ ಮಹಬೂಬ್, ನನ್ನ ಮುಖ ನೋಡದೆ. "ನೀವು ಮೂರನೇವ್ರಾದ್ರಿ."

ಮಂಟೇಸ್ವಾಮಿ ಭಾನುವಾರ ಬಂದ. ಸೇಬು ತಂದಿದ್ದ, ಕುಳಿತು ತಾನೇ ಹೆಚ್ಚಿಕೊಟ್ಟ. ಬೈಯಲಿ ಎಂದು ಕಾದೆ, ಬೈಯಲಿಲ್ಲ. ಕೊನೆಗೆ ನಾನೇ ಕೇಳಿದೆ, ನಾನು ಇಳಿಯದೇ ಇದ್ದಿದ್ದರೆ ಚಿಕ್ಕಮಾದು ಬದುಕುತ್ತಿದ್ದನೇ ಎಂದು. ಬೇರೆ ಯಾರೇ ಆಗಿದ್ದರೂ 'ಅಯ್ಯೋ, ಅವನ ಆಯಸ್ಸು ಮುಗಿದಿತ್ತು ಬುಡು' ಎನ್ನುತ್ತಿದ್ದರು. ಅಷ್ಟು ಸುಳ್ಳು ಸ್ನೇಹದಲ್ಲಿ ಸಲ್ಲುತ್ತದೆ. ಅವನು ಕೈಯಲ್ಲಿದ್ದ ಚಾಕುವನ್ನು ತಟ್ಟೆಯಲ್ಲಿಟ್ಟು, "ಗೊತ್ತಿಲ್ಲ ಕಣ್ಲಾ ಕುಮಾರ. ನಿಜಕ್ಕೂ ಗೊತ್ತಿಲ್ಲ" ಎಂದ. ನನಗೆ ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದೆ. ಅವನು ಸಂಜೆಯವರೆಗೂ ಅಲ್ಲಿಯೇ ಕುಳಿತಿದ್ದ.

ಉಳಿದದ್ದೆಲ್ಲ ಲೋಕಾರೂಢಿಯಂತೆ ನಡೆಯಿತು. ಬದುಕಿ ಉಳಿದ ಹುಚ್ಚಯ್ಯನನ್ನು ಹೊತ್ತ ನನ್ನ ಚಿತ್ರ ಮುಖಪುಟದಲ್ಲಿ ಬಂತು. ನವೆಂಬರಿನಲ್ಲಿ ಚಾಮರಾಜನಗರದ ಮೈದಾನದಲ್ಲಿ ನನಗೆ ಶಾಲು, ಗಂಧದ ಹಾರ, ಶೌರ್ಯದ ಪ್ರಶಸ್ತಿಪತ್ರ. ಅದೇ ತಿಂಗಳು ಮಂಟೇಸ್ವಾಮಿಗೆ, ಸ್ಥಳಕ್ಕೆ ತಲುಪಿದ ಮೇಲೂ ಇಳಿಯಲು ತಡವೇಕಾಯಿತೆಂದು ವಿವರಣೆ ಕೇಳಿ ಒಂದು ಕಾಗದ. ಅವನು ಬರೆದ ಉತ್ತರದ ಪ್ರತಿಯನ್ನು ನಾನು ಕದ್ದು ಓದಿದೆ. ನಾನು ನಾಯಕತ್ವ ಕಸಿದುಕೊಂಡ ಮಾತು ಅದರಲ್ಲಿ ಇರಲಿಲ್ಲ. 'ಉಸಿರಾಟದ ಸಾಧನ ಒಂದು, ಗಾಳಿ ಹತ್ತು ನಿಮಿಷ, ಗುಂಡಿಯಲ್ಲಿ ಮೂವರು' ಎಂದಷ್ಟೇ ಇತ್ತು. ವಿಚಾರಣೆಯಲ್ಲಿ ನನ್ನನ್ನೂ ಕೇಳಿದರು. ಪರಿಸ್ಥಿತಿ ತುರ್ತಾಗಿತ್ತು ಎಂದೆ. ಅದು ಸುಳ್ಳಲ್ಲ. ಅದಕ್ಕಿಂತ ಹೆಚ್ಚು ಹೇಳುವಷ್ಟು ಗಂಡಸುತನ ನನ್ನಲ್ಲಿರಲಿಲ್ಲ. ಗುಂಡಿಗೆ ಇಳಿಯುವುದು ಸುಲಭವಾಗಿತ್ತು.

ಇದಾದ ಮೇಲೆ ವರ್ಷಕ್ಕೊಮ್ಮೆ, ಚಿಕ್ಕಮಾದು ತೀರಿಕೊಂಡ ದಿನ ಕಳೆದು ಒಂದು ವಾರಕ್ಕೆ, ಸೋಮಮ್ಮ ಬಸ್ಸು ಹತ್ತಿ ಚಾಮರಾಜನಗರದ ನನ್ನ ಮನೆಗೆ ಬರುತ್ತಾಳೆ. ಕೈಯಲ್ಲಿ ಏಲಕ್ಕಿ ಬಾಳೆಯ ಒಂದು ಚಿಪ್ಪು. ಹೊಸಲಿನ ಹೊರಗೇ ನಿಲ್ಲುತ್ತಾಳೆ, ಎಷ್ಟು ಕರೆದರೂ ಒಳಗೆ ಬರಲು ಸಂಕೋಚ. "ನೀವೊಬ್ರೇ ಕಣ ಸಾಮಿ ಎಗರುದ್ದು. ನನ್ ಗಂಡನ್ಗೋಸ್ಕರ ಪ್ರಾಣ ಕೊಡಾಕೆ ಓಗಿದ್ರಿ. ಆ ಬರಿಯೋನು ನಿಂತೇ ಇದ್ದ, ಅವನ ಕೈ ಸೇದೋಗ" ಎನ್ನುತ್ತಾಳೆ. ಮೊದಲ ವರ್ಷ ನಾನು ಬಾಳೆಹಣ್ಣು ತೆಗೆದುಕೊಂಡೆ. ಎರಡನೆಯ ವರ್ಷ ತಡೆಯಲಾರದೆ, ಅದೇ ಸಂಜೆ ಗುಂಡ್ಲುಪೇಟೆಗೆ ಹೋಗಿ ಮಂಟೇಸ್ವಾಮಿಯ ಮುಂದೆ ಕುಳಿತು, ಅವಳಿಗೆ ನಿಜ ಹೇಳಿಬಿಡುತ್ತೇನೆ, ನಿನ್ನನ್ನು ಹೀಗೆ ಶಪಿಸುವುದನ್ನು ಕೇಳಿಕೊಂಡಿರಲು ನನ್ನಿಂದಾಗದು ಎಂದೆ.

ಅವನು "ಏನಂತ ಹೇಳೀಯೆ?" ಎಂದ. "ತನ್ ಗಂಡ ಅಂತ ಒಬ್ಬ ಮನ್ಸ ಸಾಯಾಕೂ ರೆಡಿಯಾದ ಅಂತ ಅವ್ಳ ಮನಸ್ನಲ್ಲಿದೆ. ಅದ ಕಿತ್ಕೊಂಡು, ಬದ್ಲಿಗೆ ಅವ್ಳ ಕೈಗೆ ಏನ ಇಟ್ಟೀಯೆ? ನಿನ್ ಮನ್ಸು ಹಗುರಾದದು, ಅವ್ಳ ಮನೆ ಇನ್ನೊಂದ್ಸಲ ಹಾಳಾದದು. ಬೈಸ್ಕಳಾದು ನಂಗ್ ರೂಢಿ ಬುಡ್ಲಾ. ನೀನು ಹಣ್ ತಿನ್ನು."

ಆ ಹೊತ್ತು ನನಗೆ ಅವನ ಮೇಲೆ ಬಂದಷ್ಟು ಹೊಟ್ಟೆಕಿಚ್ಚು ಅರಿಸಿನದ ಮಂಡಿಯ ದಿನವೂ ಬಂದಿರಲಿಲ್ಲ, ಮುಂದೆಂದೂ ಬರಲಾರದು. ತಪ್ಪನ್ನು ಒಪ್ಪಿಕೊಂಡು ಒಮ್ಮೆಯಾದರೂ ಅವನ ಸಮಕ್ಕೆ ನಿಲ್ಲಬೇಕೆಂದು ಇಪ್ಪತ್ತಮೂರು ಮೈಲಿ ಬಸ್ಸಿನಲ್ಲಿ ಹೋಗಿದ್ದೆ. ಆ ಬಾಗಿಲನ್ನೂ ಅವನು, ಸಿಟ್ಟಿಲ್ಲದೆ, ಸರಿಯಾದ ಕಾರಣ ಕೊಟ್ಟು, ಮುಚ್ಚಿಬಿಟ್ಟಿದ್ದ. ಬಸ್‌ಸ್ಟ್ಯಾಂಡಿನವರೆಗೆ ಜೊತೆಗೆ ಬಂದು ನನಗೆ ಕಿಟಕಿಯ ಪಕ್ಕದ ಸೀಟು ಹಿಡಿದುಕೊಟ್ಟ.

ಇಂಥವರು ಪ್ರತಿ ಊರಿನಲ್ಲೂ ಒಬ್ಬರೋ ಇಬ್ಬರೋ ಇರುತ್ತಾರೆ. ಎಲ್ಲರೂ ಧಾವಿಸುವ ಹೊತ್ತಿನಲ್ಲಿ ನಿಂತು, ತಮಗೆ ತಿಳಿಯದ್ದನ್ನು ತಿಳಿಯದು ಎಂದು ನೂರು ಜನರೆದುರು ಒಪ್ಪಿಕೊಂಡು, ಆಮೇಲೆ ಹೆಜ್ಜೆಯಿಡುವವರು. ಅವರು ತಪ್ಪಿಸಿದ ಅನಾಹುತ ಯಾರ ಕಣ್ಣಿಗೂ ಬೀಳುವುದಿಲ್ಲ, ಏಕೆಂದರೆ ಅದು ಆಗಿಯೇ ಇರುವುದಿಲ್ಲ. ಅವರು ನಿಂತದ್ದು ಮಾತ್ರ ಎಲ್ಲರ ಕಣ್ಣಿಗೂ ಬೀಳುತ್ತದೆ. ಎಗರಿದವರಿಗೆ ಹಾರ ಹಾಕಿ, ನಿಂತವರಿಗೆ ಮಣ್ಣುಹೆಂಟೆ ಎಸೆದು ಜನ ಮನೆಗೆ ಹೋಗುತ್ತಾರೆ, ಮತ್ತು ಹೀಗೆ ನಿಲ್ಲುವವರು ಅದಕ್ಕಾಗಿ ಜನರ ಮೇಲೆ ಮುನಿಸಿಕೊಳ್ಳುವುದಿಲ್ಲ ಎಂಬುದೇ ಅವರ ಜೊತೆ ಬಾಳುವವರಿಗೆ ಅತ್ಯಂತ ಕಷ್ಟದ ಸಂಗತಿ. ಆ ಪಂಗಡಕ್ಕೆ ಸೇರಬೇಕೆಂದು ನಾನು ಬಹಳ ಆಸೆಪಟ್ಟೆ. ಓದಿ ಸೇರುವಂಥದಲ್ಲ ಅದು. ಹಾರ ನನ್ನ ಮನೆಯ ಗೋಡೆಯ ಮೇಲಿದೆ, ಶಾಪ ಅವನ ಪಾಲಿಗಿದೆ. ಮತ್ತು ಈ ಹಂಚಿಕೆಯಲ್ಲಿ ದೊಡ್ಡ ಪಾಲು ಅವನಿಗೇ ಹೋಯಿತೆಂದು ನನ್ನ ಹೊಟ್ಟೆ ಇವತ್ತಿಗೂ ಉರಿಯುತ್ತದೆ.